ಸಿದ್ರಾಮನ ಡ್ರಮ್ಮು, ಸ್ವಪ್ನಿಲನ ಮಷಿನ್ನು

ಗಡಹಿಂಗ್ಲಜ
ಸೋಮವಾರ, 5 ಆಗಸ್ಟ್ 2024

ಓಂ ನಮಃ ಶಿವಾಯ

ತಮ್ಮ ಸಿದ್ರಾಮನಿಗೆ ಅಕ್ಕ ಸುಶೀಲಾಬಾಯಿಯ ಆಶೀರ್ವಾದ.

ಇವತ್ತು ಶ್ರಾವಣದ ಮೊದಲ ಸೋಮವಾರ, ಒಪ್ಪತ್ತು ಇದ್ದೇನೆ. ನಸುಕಿನಲ್ಲೆದ್ದು ಅಂಗಳ ಗುಡಿಸಿ, ಎಮ್ಮೆ ಹಿಂಡಿ, ಡೇರಿಗೆ ಹಾಲು ಹಾಕಿ ಬಂದು ಸ್ನಾನ ಮಾಡಿದೆ. ಬಿಲ್ವಪತ್ರಿ ತರಲು ಹೋದರೆ ಮಳೆಯ ಭಾರಕ್ಕೆ ಗಿಡದ ಟೊಂಗೆಯೇ ಕೈಗೆ ಬಂದಿತ್ತು. ಪೂಜೆ ಮುಗಿಸಿ, ರೊಟ್ಟಿ ಬಡಿದು ಕಟ್ಟಿಕೊಟ್ಟು, ಮನೆಯವರು ಪೇಟೆಗೆ ಹೋದ ಮೇಲೆ ಈಗ ಬರೆಯಲು ಕೂತಿದ್ದೇನೆ.

ಮನೆಯಲ್ಲಿ ಎರಡು ಫೋನ್ ಇದ್ದೂ ಪತ್ರ ಯಾಕೆ ಎಂದು, ಸೋಮವಾರ ಪತ್ರ ಒಯ್ದು ಗುರುವಾರ ನಿನ್ನ ಉತ್ತರ ತರುವ ಟೆಂಪೋದ ಮಲ್ಲಾರಿ ಪ್ರತಿ ಸಲ ನಗುತ್ತಾನೆ. "ಅಕ್ಕಾರ, ನಾ ಒಯ್ಯೂ ಮೆಣಸಿನಕಾಯಿಕಿಂತ ನಿಮ್ಮ ಕಾಗದಾನ ಖಾರ ಇರಬೇಕ ನೋಡ್ರಿ, ಅಷ್ಟ ಬಂದೋಬಸ್ತ ಮಾಡ್ತೀರಿ" ಅಂದ. ಇಪ್ಪತ್ತೆರಡು ವರ್ಷ ಕರೆಂಟಿನ ಮಗ್ಗದಲ್ಲಿ ದುಡಿದ ನಿನ್ನ ಕಿವಿಗೆ ಫೋನಿನ ಮಾತು ಅರ್ಧ ಬೀಳುವುದಿಲ್ಲ. ನೀನು ಸ್ಪೀಕರ್ ಹಚ್ಚುತ್ತೀ, ಆಗ ನಿಮ್ಮ ಮನೆಯಲ್ಲೇ ಇರುವ ನನ್ನ ಮಗ ಸ್ವಪ್ನಿಲನಿಗೂ ಎಲ್ಲ ಕೇಳಿಸುತ್ತದೆ. ಅವನು ಕಲಿತದ್ದು ಮರಾಠಿ ಸಾಲೆ, ಕನ್ನಡ ಓದಲು ಬಾರದು. ಅಕ್ಕ ತಮ್ಮ ಇಬ್ಬರೇ ಆಡಿಕೊಳ್ಳುವ ಮಾತಿಗೆ ಈ ಹಾಳೆಯೇ ಸರಿ.

ನಿನ್ನೆ ಸ್ವಪ್ನಿಲ ಬಂದಿದ್ದ. ಗಣಪತಿ ಹಬ್ಬದಲ್ಲಿ, ಸಪ್ಟೆಂಬರ್ ಎಂಟಕ್ಕೆ, ನಿಮ್ಮ ಬ್ಯಾಂಡಿಗೆ ಕೊಲ್ಹಾಪುರದಲ್ಲಿ ದೊಡ್ಡ ಸ್ಟೇಜು ಸಿಕ್ಕಿದೆಯಂತೆ. ಅದಕ್ಕೆಂದೇ ಭಜನೆಗಳನ್ನು ರೆಕಾರ್ಡ್ ಮಾಡುತ್ತಿದ್ದೀರಂತೆ. ಕಂಪ್ಯೂಟರಿನಲ್ಲಿ ತಾನೇ ಡ್ರಮ್ ಬರೆಯುತ್ತಾನಂತೆ, ಅದು ನಿನ್ನ ಡ್ರಮ್ಮಿನ ಜೊತೆಜೊತೆಗೆ ನುಡಿಯುತ್ತದಂತೆ. "ಡ್ರಮ್ ಬಾರಸ್ತಾರ, ಬರೀತಾರೇನೋ?" ಅಂದೆ. "ಅವ್ವಾ, ನಿನಗ ತಿಳಿಯೂದಿಲ್ಲ ಬಿಡ" ಅಂದ. ತಿಳಿಯದವರಿಗೆ ತಿಳಿಸಿ ಹೇಳಲು ಅವನಿಗೆ ಪುರಸೊತ್ತಿಲ್ಲ. ನೀನಾದರೂ ಹೇಳು.

ಊಟಕ್ಕೆ ಕೂತಾಗ ಇನ್ನೊಂದು ಮಾತನ್ನೂ ಆಡಿದ. ಅದನ್ನು ಮುಂದೆ ಎಂದಾದರೂ ಬರೆಯುತ್ತೇನೆ.

ನಿನ್ನ ಮೊಣಕಾಲು ಹೇಗಿದೆ? ಮೂರು ತಾಸು ಒಂದೇ ಕಡೆ ಕೂತು ಕಾಲಿನಿಂದ ಡ್ರಮ್ ಒದೆಯುವುದು ನಲವತ್ತೇಳನೆಯ ವಯಸ್ಸಿಗೆ ಭಾರವಾಗುವುದಿಲ್ಲವೇ? ದಣಿವಾದರೆ ಹೇಳಿಬಿಡು, ಅದರಲ್ಲಿ ನಾಚಿಕೆ ಏನೂ ಇಲ್ಲ.

ಶುಕ್ರವಾರ ನಾಗರಪಂಚಮಿ. ತವರಿಗೆ ಕರೆಯಲು ಎಂದು ಬರುತ್ತೀ? ಶೇಂಗಾ ಹುರಿದು ಇಟ್ಟಿದ್ದೇನೆ, ಉಂಡಿ ಅಲ್ಲಿ ಬಂದೇ ಕಟ್ಟುತ್ತೇನೆ.

ಸುಶೀಲಾ


ಇಚಲಕರಂಜಿ
ಗುರುವಾರ, 8 ಆಗಸ್ಟ್

ಅಕ್ಕನಿಗೆ ಸಿದ್ರಾಮನ ಶರಣು.

ನನ್ನ ಮೊಣಕಾಲಿನ ಸುದ್ದಿ ನಿನ್ನ ತನಕ ಯಾರು ಮುಟ್ಟಿಸಿದರು? ನಾನಂತೂ ಹೇಳಿಲ್ಲ. ಕಾಲು ಕಬ್ಬಿಣ ಇದ್ದಂತಿದೆ. ನಿನ್ನೆ ತಾನೇ ನೀರಿನ ಕೊಡ ಹೊತ್ತು ಮೂರು ಮಜಲೆ ಮೆಟ್ಟಿಲು ಹತ್ತಿದೆ. ಬೇಕಾದರೆ ಕಾಂಚನಾಳನ್ನು ಕೇಳು. ಗಂಡನನ್ನು ಹೊಗಳುವುದು ಅವಳಿಗೆ ರೂಢಿಯಿಲ್ಲ, ಆದರೂ ಸಾಕ್ಷಿಯನ್ನಾದರೂ ಹೇಳುತ್ತಾಳೆ.

ಮಷಿನ್ ಡ್ರಮ್ ಏನೆಂದು ಕೇಳಿದ್ದೀ, ಹೇಳುತ್ತೇನೆ. ನನ್ನ ಸೆಟ್ಟಿನಲ್ಲಿ ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್ಮು ಒಂದು. ಮುಂದೆ ಸ್ನೇರ್, ಅದರ ಹೊಟ್ಟೆಗೆ ತಂತಿ ಕಟ್ಟಿರುತ್ತದೆ, ಛರ್ ಎನ್ನುತ್ತದೆ. ಅದರಾಚೆ ಮೂರು ಸಣ್ಣವು, ಮೇಲೆ ಹಿತ್ತಾಳೆಯ ತಾಟುಗಳು. ಒಂದೊಂದಕ್ಕೂ ಒಂದು ಮೈಕು. ಆಮೇಲೆ ಪ್ರತಿ ಮೈಕಿನ ಸದ್ದನ್ನೂ ಎಷ್ಟು ಬೇಕೋ ಅಷ್ಟೇ ಇಟ್ಟು ಕಲೆಸಬೇಕು. ನೀನು ಕೈಗೆ ಹಚ್ಚಿಕೊಂಡು ನೆಕ್ಕಿ ಚಟ್ನಿಗೆ ಉಪ್ಪು ಹಾಕುತ್ತೀಯಲ್ಲ, ಅದೇ ಕೆಲಸ. ಒಂದು ಮೈಕಿನಲ್ಲಿ ಇನ್ನೊಂದರ ಸದ್ದು ಸೋರಿ ಬಂದಿರುತ್ತದೆ, ಅದನ್ನೂ ನೋಡಿಕೊಳ್ಳಬೇಕು.

ನನ್ನ ದೊಡ್ಡ ಡ್ರಮ್ಮಿನಲ್ಲಿ ಚರ್ಮದ ಸದ್ದಿದೆ. ಕೊಲ್ಹಾಪುರದ ಮಂದಿಗೆ ಅಷ್ಟು ಸಾಲದು. ಮೆರವಣಿಗೆಯ ಡಾಲ್ಬಿ ಸ್ಪೀಕರ್ ಕೇಳಿ ಕೇಳಿ ಅವರಿಗೆ ಎದೆಗೂಡಿಗೇ ಬಡಿಯಬೇಕು. ಆ ತಳದ ಗುಡುಗು ಮಷಿನ್ನಿನದು, ಮೇಲಿನ ಚರ್ಮ ನನ್ನದು. ಎರಡೂ ಒಂದೇ ಕ್ಷಣಕ್ಕೆ ಬಿದ್ದರೆ ಸದ್ದು ದಪ್ಪ. ಕೂದಲೆಳೆಯಷ್ಟು ತಪ್ಪಿದರೆ ಒಂದನ್ನೊಂದು ತಿಂದು ಎರಡೂ ಸೊರಗುತ್ತವೆ.

ಮಷಿನ್ನಿಗೆ ತುಂಬಲೆಂದು ಸ್ವಪ್ನಿಲ ನನ್ನಿಂದ ಒಂದೊಂದು ಡ್ರಮ್ಮನ್ನೂ ನಲವತ್ತು ಸಲ ಹೊಡೆಸಿಕೊಂಡ. ಮೆಲ್ಲಗೆ, ನಡುವೆ, ಜೋರಾಗಿ. ಅಂಗಡಿಯಲ್ಲಿ ಸಿಗುವ ಸದ್ದು ಬೇಡ, ಮಾಮಾನದೇ ಬೇಕು ಅಂದ. "ಮಾಮಾ, ಇನ್ನ ಮಷಿನ್‌ದಾಗೂ ನೀವ ಅದೀರಿ." "ಹಂಗಾದ್ರ ನಾ ಮನ್ಯಾಗ ಮಲಗಲೇನಪಾ?" ಅಂದೆ. ಬ್ಯಾಂಡಿನವರೆಲ್ಲ ನಕ್ಕರು. ಅವನು ನಗಲಿಲ್ಲ.

ಈ ಸಲ ಪಂಚಮಿಗೆ ಕರೆಯಲು ಬರಲಾಗುವುದಿಲ್ಲ ಅಕ್ಕಾ. ದಿನವೂ ಪ್ರಾಕ್ಟೀಸು, ಒಂದು ದಿನವೂ ಬಿಡುವಂತಿಲ್ಲ. ಸಿಟ್ಟಾಗಬೇಡ.

ಸಿದ್ರಾಮ


ಗಡಹಿಂಗ್ಲಜ
ಸೋಮವಾರ, 12 ಆಗಸ್ಟ್

ಸಿದ್ರಾಮನಿಗೆ,

ಎರಡನೆಯ ಸೋಮವಾರ. ಪೂಜೆಗೆ ಕೂತರೂ ಮನಸ್ಸು ಲಿಂಗದ ಮೇಲೆ ನಿಲ್ಲಲಿಲ್ಲ, ಅದಕ್ಕೇ ಮೊದಲು ಇದನ್ನು ಬರೆದು ಹಗುರಾಗುತ್ತೇನೆ.

ನಾನು ಮದುವೆಯಾಗಿ ಬಂದು ಮೂವತ್ತು ವರ್ಷ. ಪಂಚಮಿಗೆ ತವರಿನ ಕರೆ ಬರದೇ ಇದ್ದದ್ದು ಇದೇ ಮೊದಲು. ಅವ್ವ ಅಪ್ಪ ಹೋದ ಮೇಲೂ ನೀನು ತಪ್ಪಿಸಿರಲಿಲ್ಲ. ಉಂಡಿ ಇಲ್ಲೇ ಕಟ್ಟಿ ನೆರೆಮನೆಗೆ ಹಂಚಿದೆ. ನೆರೆಮನೆಯ ಜೈನರ ಸೊಸೆ ಪ್ರಣಾಲಿ, "ಕಾಕೂ, ಈ ಸಲ ನೀವು ಹೋಗಲಿಲ್ಲೇನ್ರಿ?" ಅಂದಳು. "ತಮ್ಮಗ ಪ್ರಾಕ್ಟೀಸ ಅದ ಅವ್ವಾ" ಅಂದೆ. ಹೆಮ್ಮೆಯಿಂದಲೇ ಅಂದೆ.

ಅವತ್ತೇ ಸಂಜೆ ಕಾಂಚನಾ ಫೋನ್ ಮಾಡಿದಳು. "ಅಕ್ಕಾರ, ಇವರು ಹೋದ ಶನಿವಾರದಿಂದ ಪ್ರಾಕ್ಟೀಸಿಗೆ ಹೋಗಿಲ್ರಿ. ಹೊತ್ತಿಗೆ ಸರಿಯಾಗಿ ಅರಿಬಿ ಹಾಕ್ಕೊಂಡು ಹೊಂಡ್ತಾರ, ಪಾನ್ ಅಂಗಡಿ ಮುಂದ ಕುಂತು ಹೊಳ್ಳಿ ಬರ್ತಾರ. ಸ್ವಪ್ನಿಲನೂ ಬಾಯಿ ಬಿಡವಲ್ಲ."

ಹಾಗಾದರೆ ನೀನು ನನಗೆ ಸುಳ್ಳು ಬರೆದೆ. ನಾನೇನು ತಪ್ಪು ಮಾಡಿದೆ ಎಂದು ಎರಡು ದಿನ ಹುಡುಕಿದೆ. ಮೊಣಕಾಲಿನ ಮಾತಿಗೆ ಸಿಟ್ಟು ಬಂತೇ?

ಸ್ವಪ್ನಿಲ ಐದು ಹಾಡನ್ನು, ಇನ್ನೂ ತಿದ್ದಿಲ್ಲ ಎಂದು ಹೇಳಿ, ಫೋನಿಗೆ ಕಳಿಸಿದ್ದಾನೆ. ಎಮ್ಮೆಗೆ ಮೇವು ಹಾಕುತ್ತ, ಅಕ್ಕಿ ಆರಿಸುತ್ತ ಕೇಳಿದ್ದೇನೆ. ಮೊದಲನೆಯದು, ನಾಲ್ಕನೆಯದು ಭಾಳ ಚೆಂದ. ಉಳಿದ ಮೂರರಲ್ಲಿ, ಒಂದೇ ಒರಳಿಗೆ ಇಬ್ಬರು ಒನಕೆ ಹಾಕಿದಾಗ ಒಬ್ಬಳು ಅವಸರ ಮಾಡಿದರೆ ಹೇಗಾಗುತ್ತದೋ ಹಾಗಿದೆ. ಶುರುವಿಗೆ ಕೂಡಿಯೇ ಬೀಳುತ್ತವೆ, ಬರಬರುತ್ತ ಒನಕೆಗೆ ಒನಕೆ ತಾಗುತ್ತದೆ. ಅವಸರ ಯಾರದು, ನಿನ್ನದೋ ಮಷಿನ್ನಿನದೋ, ನನಗೆ ತಿಳಿಯಲಿಲ್ಲ. ಇದ್ದದ್ದನ್ನು ಇದ್ದಂತೆ ಬರೆದಿದ್ದೇನೆ.

ನೀನೂ ಇದ್ದದ್ದನ್ನೇ ಬರೆ.

ಸುಶೀಲಾ


ಇಚಲಕರಂಜಿ
ಗುರುವಾರ, 15 ಆಗಸ್ಟ್

ಅಕ್ಕಾ,

ಹೌದು, ಹೋಗಿಲ್ಲ. ಕರೆಯಲು ಬಾರದೇ ಇದ್ದದ್ದೂ ಅದಕ್ಕೇ. ನೀನು ಮನೆಗೆ ಬಂದರೆ ನನ್ನ ಮುಖ ನೋಡಿಯೇ ಎಲ್ಲ ತೆಗೆಯುತ್ತಿದ್ದೆ.

ಆಗಸ್ಟ್ ಮೂರಕ್ಕೆ ಸ್ವಪ್ನಿಲ ನನ್ನನ್ನು ಕಂಪ್ಯೂಟರಿನ ಮುಂದೆ ಕೂಡಿಸಿದ. ಪರದೆಯ ತುಂಬ ನೇರ ಗೆರೆಗಳು. ಗೆರೆಗಳ ಮಧ್ಯೆ ಉಬ್ಬು ಉಬ್ಬಾಗಿ ಏನೋ ಇತ್ತು. "ಈ ಉಬ್ಬು ನೀವು ಹೊಡದದ್ದರಿ ಮಾಮಾ. ಇದು ಮಷಿನ್ ಗೆರಿ. ಗೆರಿ ಮ್ಯಾಲೆ ಬೀಳಬೇಕು. ನೀವು ಮುಂದ ಮುಂದ ಹೊಂಟೀರಿ, ಓಡಾಕತ್ತೀರಿ." ಹಾಡುವವನು, ಬೆಂಜೋ ಬಾರಿಸುವವನು ಎಲ್ಲರೂ ಅಲ್ಲೇ ಇದ್ದರು. ಯಾರೂ ನನ್ನ ಮುಖ ನೋಡಲಿಲ್ಲ.

ಆಮೇಲೆ ಮೌಸ್ ಹಿಡಿದು ನನ್ನ ಒಂದೊಂದು ಏಟನ್ನೂ ಎಳೆದೆಳೆದು ಗೆರೆಗೆ ಕೂಡಿಸಿದ. ಮತ್ತೆ ಹಚ್ಚಿ ಕೇಳಿಸಿದ. ಸರಿಯಾಗಿತ್ತು ಅಕ್ಕಾ. ಅದೇ ನನಗೆ ತಡೆಯಲಾಗಲಿಲ್ಲ. ಎಲ್ಲ ಸರಿಯಾಗಿತ್ತು, ಆದರೆ ಬಾರಿಸಿದವನು ನಾನಲ್ಲ. ಎದ್ದು ಬಂದೆ.

ಅವನ ಚಿಂತೆ ನನಗೆ ತಿಳಿಯದೇ ಇಲ್ಲ. ರೆಕಾರ್ಡಿನಲ್ಲಾದರೆ ಎಳೆದು ಕೂಡಿಸಬಹುದು. ಸ್ಟೇಜಿನ ಮೇಲೆ ಮಷಿನ್ ಒಮ್ಮೆ ಹಚ್ಚಿದರೆ ಅದು ಯಾರಿಗೂ ಕಾಯುವುದಿಲ್ಲ. ಅದು ಒಂದು ಕಡೆ, ನಾನು ಒಂದು ಕಡೆ ಹೋದರೆ ಹಾಡುವವನು ಯಾರ ಹಿಂದೆ ಹೋಗಬೇಕು? ಸಾವಿರಾರು ಜನರ ಮುಂದೆ ಬ್ಯಾಂಡಿನ ಹೆಸರು ಹೋಗುತ್ತದೆ.

ಆದರೆ ಇಪ್ಪತ್ತೆಂಟು ವರ್ಷ ಬಾರಿಸಿದವನು ನಾನು. ಮುರಗೂಡದ ಮದುವೆಯಲ್ಲಿ ವರನ ಕುದುರೆ ಬೆದರಿ ನನ್ನ ಮೈಮೇಲೆ ಬಂದಾಗಲೂ ತಾಳ ಬಿಟ್ಟಿರಲಿಲ್ಲ. ಹುಪರಿಯಲ್ಲಿ ಕರೆಂಟು ಹೋಗಿ ಎಲ್ಲರೂ ನಿಂತರೂ ನಾನೊಬ್ಬನೇ ನಡೆಸಿದ್ದೆ. ಇದೆಲ್ಲ ಜೂನ್‌ನಲ್ಲಿ ಪ್ರಾಕ್ಟೀಸಿನ ಹೊಸ ಕೋಣೆಗೆ ಬಂದ ಮೇಲೆ ಶುರುವಾದದ್ದು. ಸದ್ದು ತಡೆಯಲು ಗೋಡೆಗೆಲ್ಲ ಗಾದಿ ಕಟ್ಟಿದ ಒಳ್ಳೆಯ ಕೋಣೆ. ನಾನೇ ಕೆಟ್ಟೆನೋ ಏನೋ. ಕಿವಿ ಅರ್ಧ ಹೋಗಿದೆ, ಉಳಿದ ಅರ್ಧವೂ ಹೊರಟಿರಬೇಕು.

ಒಂದು ಮಾತು. ನೀನು ಸುಮ್ಮಸುಮ್ಮನೆ ಮೊಣಕಾಲು ಕೇಳುವವಳಲ್ಲ. ಸ್ವಪ್ನಿಲ ಊಟಕ್ಕೆ ಕೂತು ನಿನಗೆ ಏನು ಹೇಳಿದ? ಸೋಮವಾರ ಉಪವಾಸವಿದ್ದು ಬರೆ, ಅವತ್ತು ನೀನು ಹುಸಿ ಆಡುವುದಿಲ್ಲ.

ಸಿದ್ರಾಮ


ಗಡಹಿಂಗ್ಲಜ
ಸೋಮವಾರ, 19 ಆಗಸ್ಟ್, ನೂಲಹುಣ್ಣಿಮೆ

ತಮ್ಮ ಸಿದ್ರಾಮನಿಗೆ,

ಈ ಲಕೋಟೆಯಲ್ಲಿ ರಾಖಿ ಇಟ್ಟಿದ್ದೇನೆ. ಪತ್ರ ಓದಿದ ಮೇಲೂ ಕಟ್ಟಿಕೊಳ್ಳಬೇಕು ಅನ್ನಿಸಿದರೆ ಕಾಂಚನಾಳ ಕೈಯಿಂದ ಕಟ್ಟಿಸಿಕೋ.

ಉಪವಾಸದ ದಿನ ನಾನು ಹುಸಿ ಆಡುವುದಿಲ್ಲ ಎಂದು ಬರೆದಿದ್ದೀ. ಆಡಲಿಲ್ಲ, ಆದರೆ ಎರಡು ಸೋಮವಾರ ಮುಚ್ಚಿಟ್ಟೆ. ದೇವರ ಲೆಕ್ಕದಲ್ಲಿ ಎರಡೂ ಒಂದೇ ಇರಬೇಕು.

ಅವತ್ತು ಸ್ವಪ್ನಿಲ ಹೇಳಿದ್ದು ಇಷ್ಟು: "ಅವ್ವಾ, ಕೊಲ್ಹಾಪುರಕ್ಕ ಮಾಮಾ ಬ್ಯಾಡ. ಮಷಿನ್ ಒಂದ ಸಾಕು. ನನಗ ಕೋಲ ಹಿಡಿಯೂದು ಕಲಿಸಿದಾವ್ರ ಅವರು, ನನ್ನ ಬಾಯಿಲೆ ಹೆಂಗ ಹೇಳಲಿ? ನೀ ಅಕ್ಕ ಅದಿ, ನೀ ಹೇಳಿದ್ರ ಕೇಳ್ತಾರ. ಮೊಣಕಾಲ ನೋವಿನ ನೆವಾ ಮಾಡಿ ಹೇಳು." ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ತಾಟು ಎತ್ತಿಕೊಂಡು ಒಳಗೆ ಹೋದೆ. ಮರುದಿನ ನಿನ್ನ ಮೊಣಕಾಲು ಕೇಳಿ ಬರೆದೆ. ನೀನೇ ದಣಿವಾಗಿದೆ ಎಂದು ಬರೆದರೆ ನಾನು ಏನನ್ನೂ ಹೇಳಬೇಕಾಗುವುದಿಲ್ಲ ಎಂಬ ಆಸೆ ನನಗೆ. ಮಗ ತನ್ನ ಭಾರವನ್ನು ನನ್ನ ತಲೆಯ ಮೇಲಿಟ್ಟ, ನಾನು ಅದನ್ನು ಮೆಲ್ಲಗೆ ನಿನ್ನ ತಲೆಗೆ ದಾಟಿಸಲು ನೋಡಿದೆ. ತಪ್ಪಾಯಿತು.

ಈಗ ಇನ್ನೊಂದು ಸಂಗತಿ. ಇದನ್ನು ನಿಧಾನವಾಗಿ ಓದು.

ನಿನ್ನ ಪತ್ರ ಬಂದ ಮೇಲೆ ಸ್ವಪ್ನಿಲನಿಗೆ ಫೋನ್ ಮಾಡಿ, "ನಿಮ್ಮ ಮಾಮಾನ ಡ್ರಮ್ ಒಂದ ಕಳಸಪಾ. ಹಾಡ ಬ್ಯಾಡ, ಮಷಿನ್ ಬ್ಯಾಡ" ಅಂದೆ. "ಅದನ್ನ ತುಗೊಂಡು ನೀ ಏನ ಮಾಡ್ತಿ?" ಅಂದ. "ನನ್ನ ತಮ್ಮನ್ನ ಕೇಳಾಕ ನಿನ್ನ ಪರವಾನಗಿ ಬೇಕೇನೋ?" ಅಂದೆ. ಕಳಿಸಿದ. ಇವತ್ತು ಬೆಳಿಗ್ಗೆ ಪ್ರಣಾಲಿ ತನ್ನ ದೊಡ್ಡ ಹೆಡ್‌ಫೋನ್ ತಂದು ಕಿವಿಗೆ ಹಾಕಿ, "ಕಾಕೂ, ಈಗ ನೀವೂ ಡಿಜೆ ಕಂಡಂಗ ಕಾಣ್ತೀರಿ" ಅಂದಳು. ನಗುತ್ತಲೇ ಕೇಳಲು ಕೂತೆ.

ಎರಡನೆಯ ಹಾಡಿನಲ್ಲಿ ನುಡಿ ಶುರುವಾಗುವ ಮುಂಚೆ ನೀನು ಕೈ ಬಿಡುತ್ತೀ. ಡ್ರಮ್ ಸುಮ್ಮನಾಗುತ್ತದೆ. ಆ ಸುಮ್ಮನಿದ್ದಲ್ಲಿ, ತೀರ ಆಳದಲ್ಲಿ ಧಡ್ ಧಡ್ ಧಡ್ ಎಂದು ಏನೋ ಇದೆ. ಮೊದಲು ನನ್ನ ಎದೆಯೇ ಇರಬೇಕು ಅಂದುಕೊಂಡೆ, ಹೊಟ್ಟೆ ಖಾಲಿಯಲ್ಲವೇ. ಹೆಡ್‌ಫೋನ್ ತೆಗೆದರೆ ಇಲ್ಲ, ಹಾಕಿದರೆ ಇದೆ. ಪ್ರಣಾಲಿಗೂ ಕೇಳಿಸಿದೆ. "ಹೌದ್ರಿ ಕಾಕೂ, ಏನೋ ಬಡ್ಯಾಕತ್ತದ" ಅಂದಳು. ಆಗ ನೆನಪಾಯಿತು. ಕಾಂಚನಾಳ ಬಾಣಂತನಕ್ಕೆ ಬಂದಾಗ ಒಂದು ತಿಂಗಳು ನನಗೆ ನಿದ್ದೆಗೊಡದ ಸದ್ದು ಅದು. ಮಗ್ಗ.

ಮೊದಲು ಕಳಿಸಿದ ಹಾಡನ್ನೂ ಹಚ್ಚಿ, ತಾಟಿನ ಮೇಲೆ ಬೆರಳಿನಿಂದ ಮಷಿನ್ನಿನ ತಾಳ ಹಾಕಿ ನೋಡಿದೆ. ಶುರುವಿಗೆ ನೀನು ಮಷಿನ್ನಿನ ಜೊತೆಗಿರುತ್ತೀ. ಬರಬರುತ್ತ ಮಗ್ಗದ ಕಡೆ ಸರಿಯುತ್ತೀ. ಕಡೆಗೆ ಮಗ್ಗವೂ ನೀನೂ ಕೂಡಿಯೇ ಬೀಳುತ್ತೀರಿ, ಮಷಿನ್ ಹಿಂದೆ ಉಳಿಯುತ್ತದೆ. ಮೂರನೆಯ, ಐದನೆಯ ಹಾಡಿನಲ್ಲೂ ಹಾಗೆಯೇ. ಮೊದಲನೆಯದು, ನಾಲ್ಕನೆಯದರಲ್ಲಿ ಮಗ್ಗದ ಸದ್ದೇ ಇಲ್ಲ, ನೀನು ಓಡಿಯೂ ಇಲ್ಲ. ಸ್ವಪ್ನಿಲ ಹಾಡಿನ ಕೆಳಗೆ ತಾರೀಖು ಹಾಕಿದ್ದಾನೆ, ಜುಲೈ ಹತ್ತೊಂಬತ್ತು, ಇಪ್ಪತ್ತಾರು. ಗೋಡೆಯ ಕ್ಯಾಲೆಂಡರ್ ನೋಡಿದರೆ ಎರಡೂ ಶುಕ್ರವಾರ. ಕಾಂಚನಾಳನ್ನು ಕೇಳಿದೆ. "ಪ್ರಾಕ್ಟೀಸ ಮಾಡೂ ಕೋಲಿ ಬಾಜೂಕ ವಿಕಾಸನ ಮಗ್ಗ ಅದಾವ್ರಿ. ಶುಕ್ರವಾರ ಬಂದ್ ಇರ್ತಾವ" ಅಂದಳು.

ನೀವು ಅಲ್ಲಿಯವರು ಮಗ್ಗದ ಸದ್ದು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದೀರಿ. ಗೋಡೆಗೆ ಗಾದಿ ಕಟ್ಟಿದಿರಿ. ನೆಲಕ್ಕೆ ಏನು ಕಟ್ಟಿದಿರಿ? ಇಪ್ಪತ್ತೆರಡು ವರ್ಷ ನಿನ್ನ ಕಾಲು ಆ ಅದುರುವ ನೆಲದ ಮೇಲೆ ನಿಂತದ್ದು. ಕಿವಿ ಮರೆತರೂ ಕಾಲು ಮರೆತಿಲ್ಲ. ನಾನು ಓದಿದ್ದು ಏಳನೆಯ ಇಯತ್ತೆ, ತಪ್ಪಿದ್ದರೂ ಇರಬಹುದು. ನೀನೇ ಹೋಗಿ ನೋಡು. ಯಾರಿಗೂ ಹೇಳದೆ, ಚಪ್ಪಲಿ ಬಿಚ್ಚಿ ಆ ನೆಲದ ಮೇಲೆ ನಿಂತು ನೋಡು.

ಸುಶೀಲಾ


ಗಡಹಿಂಗ್ಲಜ
ಸೋಮವಾರ, 26 ಆಗಸ್ಟ್

ಸಿದ್ರಾಮನಿಗೆ,

ಗುರುವಾರ ಮಲ್ಲಾರಿ ಬರಿಗೈಯಲ್ಲಿ ಬಂದ. ಟೆಂಪೋ ನಿಲ್ಲಿಸುವ ಮೊದಲೇ ದೂರದಿಂದ ಕೈ ಆಡಿಸಿದ.

ಕಾಂಚನಾಳಿಗೆ ಫೋನ್ ಮಾಡಿಲ್ಲ. ಸ್ವಪ್ನಿಲನಿಗೂ ಮಾಡಿಲ್ಲ. ಮಾಡಿದರೆ ಮತ್ತೆ ಒಬ್ಬರ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳಿದ ಹಾಗಾಗುತ್ತದೆ. ಸಿಟ್ಟಿದ್ದರೆ ಸಿಟ್ಟನ್ನೇ ಬರೆ, ಓದುತ್ತೇನೆ. ಪೂಜೆಯಲ್ಲಿ ನಿನ್ನ ಹೆಸರು ಹೇಳಿ ಒಂದು ಪತ್ರಿ ಹೆಚ್ಚು ಏರಿಸಿದ್ದೇನೆ.

ಅಕ್ಕ


ಇಚಲಕರಂಜಿ
ಗುರುವಾರ, 29 ಆಗಸ್ಟ್

ಅಕ್ಕನಿಗೆ ಶರಣು.

ಸಿಟ್ಟಿತ್ತು. ಸ್ವಪ್ನಿಲನ ಮೇಲಿದ್ದದ್ದಕ್ಕಿಂತ ನಿನ್ನ ಮೇಲೆ ಜಾಸ್ತಿ. ಅವನು ಹುಡುಗ, ನೀನು ನನ್ನನ್ನು ಎತ್ತಿ ಆಡಿಸಿದವಳು. ರಾಖಿಯನ್ನು ಮೂರು ದಿನ ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ತಿರುಗಿದೆ. ನಾಲ್ಕನೆಯ ದಿನ ಕಾಂಚನಾ ಅಂಗಿ ಒಗೆಯಲು ತೆಗೆದಾಗ ಸಿಕ್ಕಿತು. "ಇದನ್ನ ಕಿಸೆಕ ಕಟ್ಯಾರೇನ್ರಿ ಅಕ್ಕಾರು?" ಅಂದು ಕೈ ಹಿಡಿದು ಕಟ್ಟಿಯೇಬಿಟ್ಟಳು.

ಅವತ್ತೇ ಕೋಣೆಗೆ ಹೋದೆ. ಹೋದ ಗುರುವಾರ, ಮಧ್ಯಾಹ್ನ, ಯಾರೂ ಇರಲಿಲ್ಲ. ನೀನು ಹೇಳಿದಂತೆ ಚಪ್ಪಲಿ ಬಿಚ್ಚಿ ನಿಂತೆ. ಏನೂ ತಿಳಿಯಲಿಲ್ಲ. ಅಕ್ಕ ಉಪವಾಸದಲ್ಲಿ ಏನೋ ಕೇಳಿಸಿಕೊಂಡಿದ್ದಾಳೆ ಅಂದುಕೊಂಡು ನೀರು ಕುಡಿಯಲು ಸ್ಟೀಲಿನ ಗ್ಲಾಸು ತುಂಬಿ ಸ್ಟೂಲಿನ ಪಕ್ಕ ನೆಲದ ಮೇಲಿಟ್ಟೆ. ನೀರಿನಲ್ಲಿ ಉಂಗುರ ಉಂಗುರ. ಕುಡಿಯುವುದು ಬಿಟ್ಟು ನೋಡುತ್ತ ಕೂತೆ. ಅಷ್ಟರಲ್ಲಿ ಸ್ವಪ್ನಿಲ ಬಂದ. ಹತ್ತೊಂಬತ್ತು ದಿನದ ಮೇಲೆ ನನ್ನನ್ನು ಅಲ್ಲಿ ಕಂಡು ಬಾಗಿಲಲ್ಲೇ ನಿಂತ. "ಮಾಮಾ, ಏನ ಮಾಡಾಕತ್ತೀರಿ?" "ನೀರ ನೋಡಾಕತ್ತೇನಿ" ಅಂದೆ. ಅವನೂ ಕೂತು ನೋಡಿದ. ನಿನ್ನ ಪತ್ರದ ಮಗ್ಗದ ಭಾಗವನ್ನಷ್ಟೇ ಅವನಿಗೆ ಓದಿ ಹೇಳಿದೆ.

ಇಬ್ಬರೂ ವಿಕಾಸನ ಹತ್ತಿರ ಹೋದೆವು. "ಏನು, ನಿಮ್ಮ ಭಜನಿ ಸಲುವಾಗಿ ನಾ ಹನ್ನೆರಡ ಮಗ್ಗ ನಿಲ್ಲಸ್ಲಿ? ಖುದ್ದ ದೇವರ ಬಂದ್ರೂ ಒಂದ ನಿಲ್ಲಸ್ತೀನಿ ನೋಡ್ರಿ" ಅಂದ. ಗೋಡೆಗೆ ಹತ್ತಿದ ಒಂದೇ ಸಾಕು ಅಂದೆ. ಅದನ್ನು ನಿಲ್ಲಿಸಿದ. ಸ್ವಪ್ನಿಲ ಮಷಿನ್ ಹಚ್ಚಿದ, ನಾನು ಬಾರಿಸಿದೆ. ಉಬ್ಬೆಲ್ಲ ಗೆರೆಯ ಮೇಲೆ. ಮಗ್ಗ ಹಚ್ಚಿಸಿದೆವು, ನಾನು ಓಡಿದೆ. ನಿಲ್ಲಿಸಿದೆವು, ಗೆರೆಗೆ ಬಂದೆ. ಮೂರು ಸಲ ಮಾಡಿದೆವು. ನಾಲ್ಕನೆಯ ಸಲಕ್ಕೆ ವಿಕಾಸ ಕಿಟಕಿಯಲ್ಲಿ ಮುಖ ಹಾಕಿ, "ಸಿದ್ರಾಮ, ನಿನಗ ಇನ್ನೂ ನಮ್ಮ ಮಗ್ಗದ್ದ ಹಾಜರಿ ಹತ್ತತೈತಿ ಬಿಡೋ" ಅಂದ.

ಸ್ವಪ್ನಿಲ ಪರದೆ ಆರಿಸಿದ. ಆಮೇಲೆ, "ಮಾಮಾ, ನಾ ಪರದೆ ನೋಡಿದ್ನಿ. ಕೇಳಲಿಲ್ಲ" ಅಂದ.

ಮರುದಿನ ಶುಕ್ರವಾರ ಐದನೆಯ ಹಾಡು ಮತ್ತೆ ಮಾಡಿದೆವು, ನಿನಗೆ ಕಳಿಸಿದ್ದಾನೆ. ಈ ಸಲ ಕ್ರಮವನ್ನೇ ಬದಲಿಸಿದ. ಮೊದಲು ನಾನು ಹಾಡಿನ ಜೊತೆ ಬಾರಿಸಿದೆ, ನನ್ನ ನಡಿಗೆ ನೋಡಿಕೊಂಡು ಅವನು ಆಮೇಲೆ ಮಷಿನ್ ಬರೆದ. ನುಡಿಯಲ್ಲಿ ಮಷಿನ್ ಬಾಯಿ ಮುಚ್ಚಿರುತ್ತದೆ. ಪಲ್ಲವಿಗೆ ಬಂದಾಗ ಮಾತ್ರ ತಳಕ್ಕೆ ಬಂದು ಸೇರುತ್ತದೆ. ನನ್ನ ಏಟನ್ನು ಒಂದನ್ನೂ ಎಳೆದಿಲ್ಲ.

ಇಷ್ಟಾದರೂ ಕೊಲ್ಹಾಪುರಕ್ಕೆ ನಾನು ಹೂಂ ಅಂದಿಲ್ಲ. "ಬರ್ತೀರಲ್ಲರಿ ಮಾಮಾ?" ಎಂದು ದಿನವೂ ಕೇಳುತ್ತಾನೆ. ನೋಡೋಣ ಅನ್ನುತ್ತೇನೆ. ಮಗ್ಗ ನಿಲ್ಲಿಸಿದರೆ ತಾಳ ಸರಿಹೋಯಿತು. ನನ್ನನ್ನು ಕೈಬಿಡಬೇಕು ಎಂದು ನಿನ್ನ ಕೈಯಿಂದ ಹೇಳಿಸಲು ಹೊರಟಿದ್ದನಲ್ಲ, ಅದನ್ನು ಯಾವ ಬಟನ್ ಒತ್ತಿ ನಿಲ್ಲಿಸಲಿ? ಅವನು ಆ ಮಾತನ್ನು ಇನ್ನೂ ನನ್ನ ಮುಂದೆ ತೆಗೆದಿಲ್ಲ. ನನಗೆ ಗೊತ್ತಿದೆ ಎಂಬುದು ಅವನಿಗೆ ಗೊತ್ತಿಲ್ಲ. ಇಬ್ಬರೂ ಎದುರುಬದುರು ಕೂತು ಉಣ್ಣುತ್ತೇವೆ, ಉಪ್ಪಿನಕಾಯಿ ದಾಟಿಸುತ್ತೇವೆ. ಮನಸ್ಸಿನಲ್ಲಿ ಇದನ್ನಿಟ್ಟುಕೊಂಡು ಅವನ ಬೆನ್ನ ಹಿಂದೆ ಕೂತು ಬಾರಿಸಲು ನನಗೆ ಆಗಲಿಕ್ಕಿಲ್ಲ.

ಎಂಟನೆಯ ತಾರೀಖು ಹತ್ತಿರ ಬಂತು. ಹೋಗಲೋ ಬೇಡವೋ, ನೀನು ಬರೆದಂತೆ ಮಾಡುತ್ತೇನೆ.

ಸಿದ್ರಾಮ


ಗಡಹಿಂಗ್ಲಜ
ಸೋಮವಾರ, 2 ಸಪ್ಟೆಂಬರ್

ಓಂ ನಮಃ ಶಿವಾಯ

ತಮ್ಮ ಸಿದ್ರಾಮನಿಗೆ ಅಕ್ಕನ ಆಶೀರ್ವಾದ.

ಶ್ರಾವಣದ ಕಡೆಯ ಸೋಮವಾರ, ಅಮಾವಾಸ್ಯೆ. ಐದೂ ಸೋಮವಾರ ಶಿವ ನಡೆಸಿಕೊಟ್ಟ. ಮನೆಯವರು, "ತಮ್ಮಗ ಇಷ್ಟ ಕಾಗದಾ ಬರದಿ, ನನಗೊಂದ ಬರದಿಯೇನ?" ಅಂದರು. "ನೀವು ಎದುರಿಗೇ ಇರ್ತೀರಲ್ಲರಿ, ನಿಮಗ ಬಾಯಿಲೇನ ಬೈತೀನಿ" ಅಂದೆ.

ಐದನೆಯ ಹಾಡು ಕೇಳಿದೆ. ಎರಡು ಒನಕೆ ಇದ್ದರೂ ಒಂದೇ ಕೈ ಕುಟ್ಟಿದಂತಿದೆ. ಮಷಿನ್ ಎಲ್ಲಿ ಬಂತು ಎಂದು ತಿಳಿಯುವುದಿಲ್ಲ, ಹೋದಾಗ ಮಾತ್ರ ತಿಳಿಯುತ್ತದೆ. ಕಡೆಯ ಸುತ್ತಿನಲ್ಲಿ ನೀನು ಇನ್ನೂ ಓಡುತ್ತೀ. ಅವತ್ತು ಶುಕ್ರವಾರ, ಮಗ್ಗದ ಮೇಲೆ ಹಾಕಿ ಪಾರಾಗುವಂತಿಲ್ಲ. ಆದರೆ ಭಜನೆಯ ಕಡೆಯ ಸುತ್ತಿನಲ್ಲಿ ಅಪ್ಪನೂ ಓಡುತ್ತಿದ್ದ, ಮಠದಲ್ಲಿ ಕೂತವರೆಲ್ಲ ಆಗಲೇ ಎದ್ದು ನಿಲ್ಲುತ್ತಿದ್ದದ್ದು. ಅಲ್ಲಿ ಓಡಲೇಬೇಕು. ಮಷಿನ್ನೂ ನಿನ್ನ ಹಿಂದೆ ಓಡಿ ಬಂದಿದೆ, ಸ್ವಪ್ನಿಲ ಹಾಗೆಯೇ ಬರೆದಿದ್ದಾನೆ. ಅದನ್ನು ಕೇಳಿ ನನಗೆ ಮಗನ ಮೇಲಿದ್ದ ಅರ್ಧ ಸಿಟ್ಟು ಇಳಿಯಿತು.

ಉಳಿದ ಅರ್ಧದ ಮಾತು ಈಗ.

ಹೋಗಲೋ ಬೇಡವೋ ಎಂದು ಕೇಳಿದ್ದೀ. ನನ್ನ ಉತ್ತರ ಬೇರೆ ಹಾಳೆಯ ಮೇಲೆ ಬರೆದಾಗಿದೆ. ಮಡಚಿ ಜಗಲಿಯ ಮೇಲೆ ಲಿಂಗದ ಮುಂದೆ ಇಟ್ಟಿದ್ದೇನೆ. ಅದರಲ್ಲಿರುವುದು ಒಂದೇ ಶಬ್ದ, ಅದು ಏನೆಂದು ಬಹುಶಃ ನಿನಗೂ ಗೊತ್ತು. ಅದನ್ನು ಮಲ್ಲಾರಿಯ ಕೈಗೆ ಕೊಡುವುದಿಲ್ಲ. ಹೋದ ತಿಂಗಳು ಸ್ವಪ್ನಿಲ ಆ ಮಾತನ್ನು ನನ್ನ ತಲೆಯ ಮೇಲಿಟ್ಟಾಗಲೇ, "ನಿನ್ನ ಮಾತ ನೀನ ಒಯ್ಯಿ" ಅನ್ನಬೇಕಿತ್ತು. ಅವತ್ತು ಅನ್ನಲಿಲ್ಲ, ಇವತ್ತು ಅನ್ನುತ್ತೇನೆ.

ಅವನು ಇಲ್ಲಿಗೆ ಬಂದರೆ ಮೊದಲು ಉಣಿಸುತ್ತೇನೆ. ಆಮೇಲೆ ಮಾಮಾನಿಗೆ ಎಲ್ಲ ಗೊತ್ತಿದೆ ಎಂದು ಅವನಿಗೆ ಹೇಳಿ ಹಾಳೆಯನ್ನು ಕೈಗಿಡುತ್ತೇನೆ. ಇಲ್ಲಿಂದ ಇಚಲಕರಂಜಿಗೆ ಎರಡು ತಾಸಿನ ದಾರಿ. ನಿನ್ನ ಮುಂದೆ ಕೂತು ಏನು ಹೇಳಬೇಕು ಎಂದು ಹೊಂದಿಸಿಕೊಳ್ಳಲು ಅಷ್ಟು ಹೊತ್ತು ಸಾಕು. ಅವನು ತನ್ನ ಬಾಯಿಂದ ಹೇಳಿದ ಮೇಲೆ ಹಾಳೆ ಬಿಚ್ಚು. ಹೇಳದೆ ಬರೀ ಹಾಳೆ ಚಾಚಿದರೆ, ಬಿಚ್ಚದೆ ಹಾಗೆಯೇ ನನಗೆ ಹಿಂದಕ್ಕೆ ಕಳಿಸು. ನಾನು ಸಿಟ್ಟಾಗುವುದಿಲ್ಲ, ಎಂಟಕ್ಕೆ ನೀನು ಮನೆಯಲ್ಲಿರು.

ಹೇಳುತ್ತಾನೆ ಎಂದು ನನ್ನ ನಂಬಿಕೆ. "ಕೇಳಲಿಲ್ಲ" ಎಂದು ಒಪ್ಪಿಕೊಂಡವನಿಗೆ ಇನ್ನೊಂದು ಮಾತು ಭಾರವಾಗಲಿಕ್ಕಿಲ್ಲ.

ಅಕ್ಕನ ಉತ್ತರ ಇನ್ನೂ ಬಂದಿಲ್ಲ, ನೀನೇ ಹೋಗಿ ತಾ ಎಂದಷ್ಟೇ ಹೇಳಿ, ನಾಳೆಯ ಮೊದಲ ಎಸ್‌ಟಿ ಬಸ್ಸಿಗೆ ಸ್ವಪ್ನಿಲನನ್ನು ಕಳಿಸು.

ಸುಶೀಲಾ